ಲಿಫ್ಟಿನಲ್ಲಿ ಮಂಗಳವಾರ

ಮಯಾಮಿಯಿಂದ ಕೆರಿಬಿಯನ್ ಕಡೆಗೆ ಹೊರಡುವ ಪ್ರವಾಸಿ ಹಡಗುಗಳನ್ನು ಪದೇ ಪದೇ ಹತ್ತುವ ನಮ್ಮಂಥವರಿಗೆ ಸಮುದ್ರ ಕಾಣುವುದು ಕಮ್ಮಿ, ತಟ್ಟೆ ಕಾಣುವುದೇ ಜಾಸ್ತಿ. ತಿಂಡಿ ಅರಗುವ ಮೊದಲೇ ಊಟ, ಅದರ ಬೆನ್ನಿಗೇ ಪಿಜ್ಜಾ. ಉಂಡು ಮಲಗಿ ಎದ್ದವರಿಗೆ ಇವತ್ತು ಯಾವ ವಾರ ಅನ್ನುವುದೇ ಮರೆತಿರುತ್ತದೆ. ಹಡಗಿನವರಿಗೂ ಇದು ಗೊತ್ತು. ಅದಕ್ಕೇ ಅನೇಕ ಹಡಗುಗಳ ಲಿಫ್ಟಿನಲ್ಲಿ ವಾರದ ಹೆಸರು ಬರೆದ ನೆಲಹಾಸು ಹಾಸಿ, ದಿನಾ ಬದಲಿಸುತ್ತಾರೆ. ಯಾರಾದರೂ ತಲೆ ತಗ್ಗಿಸಿ ನಿಂತಿದ್ದರೆ ಅದು ವಿನಯವಲ್ಲ, ಪಂಚಾಂಗ ಶ್ರವಣ!

ಈಜುಕೊಳದ ಬಳಿ ಬೆಳಕು ಹರಿಯುವಷ್ಟರಲ್ಲಿ ಕುರ್ಚಿಗಳೆಲ್ಲ ಟವೆಲ್ ಹೊದ್ದು ಮಲಗಿರುತ್ತವೆ. ಮಾಲೀಕರು ಬರುವುದು ಹನ್ನೊಂದಕ್ಕೆ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಾ ಬೆಳೆದ ನನಗೆ ಇವರು ತೀರಾ ಎಳಸು ಅನ್ನಿಸುತ್ತದೆ.

2024ರಲ್ಲಿ ಓಡಾಟ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಹಡಗಿನ ಉದ್ದ ಸುಮಾರು 365 ಮೀಟರ್, ಅಂತಸ್ತು 20. ಇಂಥ ಹಡಗುಗಳ ಓಣಿಗಳಲ್ಲಿ ಬಾಗಿಲುಗಳೆಲ್ಲ ಅವಳಿ ಜವಳಿ. ಗುರುತಿಗೆಂದು ಜನ ಬಾಗಿಲಿಗೆ ಮ್ಯಾಗ್ನೆಟ್ ಅಂಟಿಸುತ್ತಾರೆ, ತುಂಟ ಹುಡುಗರು ಅದಲುಬದಲು ಮಾಡುತ್ತಾರೆ. ಒಮ್ಮೆ ನಡುರಾತ್ರಿ ಯಾರೋ ಮಹಾನುಭಾವ ನಮ್ಮ ಬಾಗಿಲಿಗೆ ಕಾರ್ಡ್ ಉಜ್ಜಿ ಉಜ್ಜಿ ಸೋತು, "ಡಾರ್ಲಿಂಗ್, ಬಾಗಿಲು ತೆಗಿ" ಎಂದು ಇಂಗ್ಲಿಷಿನಲ್ಲಿ ಗೋಗರೆದ. ನಮ್ಮವಳು ಮಲಗಿದಲ್ಲಿಂದಲೇ ಅಚ್ಚಗನ್ನಡದಲ್ಲಿ, "ಇಲ್ಲಿ ಈಗಾಗಲೇ ಒಬ್ರಿದಾರೆ, ಅಷ್ಟೇ ಸಾಕಾಗಿದೆ" ಅಂದಳು.