ಆಕಾಶದಲ್ಲೊಬ್ಬ ಮೇಷ್ಟ್ರು

ವಿಶ್ವವಿದ್ಯಾಲಯಗಳಿಗೆ ಕೊನೆಗಾಲ ಬಂತು ಎಂದು ಜಾತಕ ಬರೆಯುವವರಿಗೆ ಅಮೆರಿಕದಲ್ಲಿ ಯಾವತ್ತೂ ಬರವಿಲ್ಲ. ಸ್ಟ್ಯಾನ್‌ಫರ್ಡಿನ ಸೆಬಾಸ್ಟಿಯನ್ ಥ್ರನ್ 2011ರಲ್ಲಿ ಪೀಟರ್ ನಾರ್ವಿಗ್ ಜೊತೆ ಸೇರಿ ಕೃತಕ ಬುದ್ಧಿಮತ್ತೆಯ ಪಾಠವನ್ನು ಪುಕ್ಕಟೆಯಾಗಿ ಆನ್‌ಲೈನ್‌ಗೆ ಬಿಟ್ಟರು. ಸುಮಾರು 1,60,000 ಜನ ಹೆಸರು ಕೊಟ್ಟರು. ಅಷ್ಟು ದೊಡ್ಡ ಕ್ಲಾಸು ಸಿಕ್ಕರೆ ಯಾವ ಮೇಷ್ಟ್ರಿಗೆ ತಾನೆ ಕಾಲು ನೆಲದ ಮೇಲೆ ನಿಂತೀತು? ಇನ್ನು 50 ವರ್ಷಕ್ಕೆ ಜಗತ್ತಿನಲ್ಲಿ ಹತ್ತೇ ವಿಶ್ವವಿದ್ಯಾಲಯ ಉಳಿಯುವುದು ಎಂದುಬಿಟ್ಟರು. ಕೋರ್ಸ್ ಮುಗಿಸಿದವರು ಮಾತ್ರ ಇಪ್ಪತ್ತು ಸಾವಿರ ಚಿಲ್ಲರೆ. 2013ರಲ್ಲಿ ಅವರ ಆನ್‌ಲೈನ್ ಪಾಠದ ಕಂಪನಿ ಉಡಾಸಿಟಿ, ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಗಣಿತ ಕಲಿಸಲು ಹೋಯಿತು. ಬೆಂಚಿನ ಮೇಲೆ ಕೂತು ಕಲಿತವರಿಗಿಂತ ಕಡಿಮೆ ಜನ ಪಾಸಾದರು. ಪ್ರಯೋಗಕ್ಕೆ ವಿರಾಮ ಬಿತ್ತು. ಹತ್ತರ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಿದ್ದ ಕುಲಪತಿಗಳು ಆವತ್ತು ನೆಮ್ಮದಿಯಾಗಿ ನಿದ್ದೆ ಮಾಡಿರಬೇಕು.

ಇನ್ನೊಂದು ಪಂಗಡದವರ ವಾದ ಬೇರೆ. ಲಕ್ಷ ಜನಕ್ಕೂ ಒಂದೇ ವಿಡಿಯೋ ಹಾಕಿದರೆ ಏನು ಬಂತು, ಹುಡುಗನನ್ನು ನೋಡಿಕೊಂಡು ಪಾಠವೇ ಬದಲಾಗಬೇಕು ಅನ್ನುತ್ತಾರೆ. ಇವರ ಕೈಯಲ್ಲಿ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನವಿದೆ: ಮೇಷ್ಟ್ರ ಮುಂದೆ ಒಬ್ಬನೇ ಕೂತು ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯ ಶೇಕಡ 98 ಮಂದಿಯನ್ನು ಹಿಂದೆ ಹಾಕುತ್ತಾನಂತೆ. ಮನೆಪಾಠದ ಫೀಸು ಕಟ್ಟುವ ಅಪ್ಪಂದಿರಿಗೆ ಇದು ಹೊಸ ವಿಷಯವೇನಲ್ಲ ಬಿಡಿ. ತಲೆಗೊಬ್ಬ ಮೇಷ್ಟ್ರನ್ನು ಎಲ್ಲಿಂದ ತರುವುದು? ನ್ಯೂಟನ್ ಎಂಬ ಕಂಪನಿಯ (ಸೇಬಿನ ನ್ಯೂಟನ್ ಅಲ್ಲ) ಹೋಸೆ ಫೆರೇರಾ, ಹುಡುಗರ ಮನಸ್ಸನ್ನು ಅರೆಬರೆ ಓದಬಲ್ಲ ರೋಬೋ ಮೇಷ್ಟ್ರನ್ನು ಆಕಾಶದಲ್ಲಿ ಕೂರಿಸುತ್ತೇನೆ ಎಂದರು. ಅರೆಬರೆ ಓದುವುದೇ ವಾಸಿ. ಪೂರ್ತಿ ಓದಿದ್ದರೆ ಆ ರೋಬೋ ಮೊದಲ ಪೀರಿಯಡ್‌ನಲ್ಲೇ ರಾಜೀನಾಮೆ ಕೊಡುತ್ತಿತ್ತು. ಕೋಟಿಗಟ್ಟಲೆ ಡಾಲರ್ ಸುರಿದ ಮೇಲೆ, 2019ರಲ್ಲಿ ವೈಲಿ ಎಂಬ ಪಠ್ಯಪುಸ್ತಕದ ಪ್ರಕಾಶಕರು ಕಂಪನಿಯನ್ನು ಕೊಂಡರು. ಆಕಾಶದ ಮೇಷ್ಟ್ರು ಕೊನೆಗೂ ಪುಸ್ತಕದಂಗಡಿ ಸೇರಿದರು.

ಹಾಗಂತ ಎಲ್ಲವೂ ಬುರುಡೆಯಲ್ಲ. ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಹುಟ್ಟಿದ ಅಲೆಕ್ಸ್ ಎಂಬ ಸಾಫ್ಟ್‌ವೇರ್ ಅಮೆರಿಕದ ಕಾಲೇಜುಗಳಲ್ಲಿ ವರ್ಷಗಳಿಂದ ಬೀಜಗಣಿತ ಕಲಿಸುತ್ತಿದೆ. ಮೊದಲಿಗೆ ಮೂವತ್ತು ಪ್ರಶ್ನೆಯೊಳಗೆ ನಿಮ್ಮ ಬಂಡವಾಳ ಅಳೆಯುತ್ತದೆ. ಒಂದಕ್ಕೆ ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಆಮೇಲೆ ಬಣ್ಣಬಣ್ಣದ ಒಂದು ಚಕ್ರ ತೋರಿಸಿ, ಇಷ್ಟು ಬರುತ್ತದೆ, ಇಷ್ಟು ಬಾಕಿ ಎಂದು ಲೆಕ್ಕ ಒಪ್ಪಿಸುತ್ತದೆ. ಭಿನ್ನರಾಶಿಯೇ ಬಾರದವನಿಗೆ ಸಮೀಕರಣ ಕೊಡುವುದಿಲ್ಲ. ಗಣಿತಕ್ಕೆ ಇದು ಹೊಂದುತ್ತದೆ, ಅಲ್ಲಿ ಯಾವುದರ ಮೇಲೆ ಯಾವುದು ನಿಂತಿದೆ ಎಂದು ಹೇಳಬಹುದು. ಮೊಘಲರ ಪತನಕ್ಕೆ ಕಾರಣಗಳನ್ನು ಹೀಗೆ ಮೆಟ್ಟಿಲು ಕಟ್ಟಿ ಹತ್ತಿಸಲು ಬರುವುದಿಲ್ಲ.

ನನಗೆ ಅಲೆಕ್ಸ್‌ನಲ್ಲಿ ತುಂಬ ಹಿಡಿಸಿದ್ದು ಒಂದು ಗುಂಡಿ. ಅದರ ಮೇಲೆ ಬರೆದಿರುವುದು ಇಷ್ಟೇ: ‘ನನಗೆ ಗೊತ್ತಿಲ್ಲ’. ಒತ್ತಿದರೆ ಯಂತ್ರ ಹುಬ್ಬು ಗಂಟಿಕ್ಕುವುದಿಲ್ಲ, ಅಪ್ಪನನ್ನು ಕರೆದುಕೊಂಡು ಬಾ ಅನ್ನುವುದಿಲ್ಲ. ಸುಮ್ಮನೆ ಅಲ್ಲಿಂದ ಪಾಠ ಶುರುಮಾಡುತ್ತದೆ. ನಮ್ಮಲ್ಲಿ? ‘ಅರ್ಥ ಆಯ್ತೇನ್ರೋ?’ ಎಂದರೆ ಕೊನೇ ಬೆಂಚಿನಲ್ಲಿ ತೂಕಡಿಸುತ್ತಿದ್ದವನೂ ಎದ್ದು ‘ಆಯ್ತು ಸಾರ್’ ಎಂದು ರಾಗ ಕೂಡಿಸುತ್ತಾನೆ. ಅರ್ಥವಾಗಿಲ್ಲ ಎಂಬುದು ಮೇಷ್ಟ್ರಿಗೂ ಗೊತ್ತು. ಆದರೂ ಇಬ್ಬರೂ ಸೇರಿ ಸಿಲಬಸ್ ಮುಗಿಸುತ್ತಾರೆ.

ಈಗ ನಮ್ಮ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಪಾಠಗಳ ತಾಣ ಕೂಡ ಇದೆ, 2017ರಿಂದ. ಯುಜಿಸಿ ನಿಯಮದಂತೆ ಶೇಕಡ 40ರವರೆಗೆ ಕ್ರೆಡಿಟ್ಟನ್ನು ಅಲ್ಲಿಂದಲೇ ತರಬಹುದು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ನಡೆಸುವ ಎನ್‌ಪಿಟಿಇಎಲ್ ಪಾಠಗಳೂ ಅಲ್ಲೇ ಸಿಗುತ್ತವೆ. ಆ ವಿಡಿಯೋಗಳು ಹುಡುಗರಿಗೆ ಹೊಂದಿಕೊಳ್ಳುವುದಿಲ್ಲ. ಹುಡುಗರೇ ವೇಗವನ್ನು ಎರಡು ಪಟ್ಟು ಏರಿಸಿ ಪ್ರೊಫೆಸರರನ್ನು ಹೊಂದಿಸಿಕೊಳ್ಳುತ್ತಾರೆ. ಪಾಠ ಹಾಸಿಗೆಯಲ್ಲಿ ಉರುಳಾಡಿಕೊಂಡೇ ಆಗಬಹುದು, ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಹಾಲ್ ಟಿಕೆಟ್ ಹಿಡಿದು ಪರೀಕ್ಷಾ ಕೇಂದ್ರಕ್ಕೇ ಹೋಗಬೇಕು. ಕಲಿಸುವುದಕ್ಕೆ ಯಂತ್ರ ಸಾಕು, ಕಲಿತದ್ದನ್ನು ನಂಬುವುದಕ್ಕೆ ಇನ್ನೂ ಒಬ್ಬ ಮೇಲ್ವಿಚಾರಕ ಎದುರಿಗೆ ಅಡ್ಡಾಡುತ್ತಿರಬೇಕು. ಕಾಲೇಜು ಅಷ್ಟು ಬೇಗ ಮುಚ್ಚುವುದಿಲ್ಲ ಎಂದು ನನಗೆ ಧೈರ್ಯ ಬಂದದ್ದು ಇದರಿಂದಲೇ.

ಲೆಕ್ಚರರ್ ಮಹಾಶಯರೇ, ಸಾಫ್ಟ್‌ವೇರಿಗೆ ಟೆಂಡರ್ ಕರೆಯುವ ಮೊದಲು ಈ ಸೆಮಿಸ್ಟರಿನ ಮೊದಲ ಟೆಸ್ಟಿನಲ್ಲಿ ಪ್ರತಿ ಪ್ರಶ್ನೆಯ ಕೆಳಗೆ ‘ಗೊತ್ತಿಲ್ಲ’ ಎಂದು ಒಂದು ಚೌಕ ಹಾಕಿಸಿ. ಅದಕ್ಕೆ ಟಿಕ್ ಹಾಕಿದವನ ಅಂಕ ಕಳೆಯಬೇಡಿ, ಪಾಠವನ್ನು ಅಲ್ಲಿಂದ ಶುರುಮಾಡಿ. ಖರ್ಚು ಒಂದಿಷ್ಟು ಜೆರಾಕ್ಸ್ ಮಾತ್ರ.