ಒಂದು ಸೈಡ್ ದೂರ

ಧಾರವಾಡದಿಂದ ಹುಬ್ಬಳ್ಳಿ ಸುಮಾರು 20 ಕಿಲೋಮೀಟರ್ ಅಂತಾರೆ. ನಮ್ಮ ಮಾರುತಿ 800ರಲ್ಲಿ ಅದು ಒಂದು ಸೈಡ್. ಅರವತ್ತು ನಿಮಿಷದ ಕ್ಯಾಸೆಟ್ಟಿನ ‘ಎ’ ಸೈಡನ್ನು ಜ್ಯುಬಿಲಿ ಸರ್ಕಲ್ಲಿನಲ್ಲಿ ಹಾಕಿದರೆ ಟೋಲ್ ನಾಕಾದವರೆಗೆ ಆಲಾಪ, ನವಲೂರಿನ ಹೊತ್ತಿಗೆ ವಿಲಂಬಿತ್, ಉಣಕಲ್ ಕೆರೆ ಕಾಣುವಾಗ ದ್ರುತ್. ಹೊಸೂರಿನಲ್ಲಿ ಗುಂಡಿ ಟಪ್ಪೆಂದು ಮೇಲೆ ಬರುತ್ತಿತ್ತು. ಬಿಆರ್‌ಟಿಎಸ್ ಕಾಮಗಾರಿ ನಡೆದಷ್ಟು ವರ್ಷ ಇದೇ ದೂರ ಎರಡು ಸೈಡಿಗೆ ಬೆಳೆಯಿತು. ಕೆಲವು ಸಂಜೆ ಭೈರಿದೇವರಕೊಪ್ಪದಲ್ಲೇ ಭೈರವಿಯೂ ಮುಗಿದು, ಉಳಿದ ದಾರಿಗೆ ಗಂಗಾವತಿ ಪ್ರಾಣೇಶರ ನಗೆಮಾತಿನ ಕ್ಯಾಸೆಟ್ಟು ಹಾಕಿಕೊಳ್ಳಬೇಕಾಗುತ್ತಿತ್ತು.

ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಕ್ಯಾಸೆಟ್ಟನ್ನು ಹೊರತಂದ ಫಿಲಿಪ್ಸ್ ಕಂಪನಿ ಹಾಕಿಕೊಟ್ಟ ಕಟ್ಟಳೆ ಅದು. ನಮ್ಮ ಟೇಪಿಗೆ ವಯಸ್ಸಾದಂತೆ ಅದು ಪೆನ್ಶನ್‌ದಾರರ ನಡಿಗೆ ಹಿಡಿಯಿತು. ಒಳಗಿನ ರಬ್ಬರ್ ಬೆಲ್ಟು ಸಡಿಲಾದರೆ ರೀಲು ನಿಧಾನ, ರೀಲು ನಿಧಾನವಾದರೆ ದನಿ ದಪ್ಪ. ಆದರೆ ನಾವು ಹಾಕುತ್ತಿದ್ದದ್ದು ಬಹುಪಾಲು ಗಂಗೂಬಾಯಿ ಹಾನಗಲ್ಲರನ್ನು. ಅವರ ದನಿ ಇನ್ನಷ್ಟು ಕೆಳಗಿಳಿದರೆ ಯಾರಿಗೆ ಗೊತ್ತಾಗಬೇಕು? ಇವತ್ತು ಬಾಯಿ ಭಾಳ ಗಂಭೀರ ಹಾಡ್ಯಾರ ಎಂದು ತಲೆ ಆಡಿಸಿಕೊಂಡು ಹೋಗುತ್ತಿದ್ದೆ. ಲತಾ ಮಂಗೇಶ್ಕರರೂ ಅದೇ ದನಿಯಲ್ಲಿ ಹಾಡತೊಡಗಿದ ದಿನ ಮನೆಯವಳಿಗೆ ಸಂಶಯ ಬಂತು. (ಬಾಯಿಯವರ ದನಿ ಮೊದಲು ಹೀಗಿರಲಿಲ್ಲ. ‘ಗಾಂಧಾರಿ ಹುಬಳಿ’ ಎಂಬ ಹೆಸರಿನಲ್ಲಿ ಬಂದ 1930ರ ದಶಕದ ಎಚ್‌ಎಂವಿ ರೆಕಾರ್ಡುಗಳಲ್ಲಿ ಅದು ತೆಳು, ಚೂಪು. ಬೆಲ್ಟು ಬಿಗಿಯಾದರೆ ಆ ಗಾಂಧಾರಿಯೇ ಬಂದಾರು ಎಂಬ ಆಸೆಯೂ ನನಗಿತ್ತು.)

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಟೇಪ್ ರಿಪೇರಿಯವನೊಬ್ಬ ಇನ್ನೂ ಉಳಿದಿದ್ದಾನೆ. ಮುಚ್ಚಳ ಬಿಚ್ಚಿ, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಹೆಡ್ ಒರೆಸಿದ. ಹತ್ತಿ ಕಾಫಿ ಬಣ್ಣಕ್ಕೆ ಬಂತು. ಅದನ್ನು ನನ್ನ ಕನ್ನಡಕದ ಮುಂದೆ ಹಿಡಿದು, “ನೋಡ್ರಿ, ಇಷ್ಟ ವರ್ಷ ಕೇಳಿದ್ದೆಲ್ಲಾ ಇಲ್ಲೇ ಕುಂತೈತಿ” ಅಂದ. ಬೆಲ್ಟು ಮಾತ್ರ ಅವನ ಹತ್ತಿರ ಇರಲಿಲ್ಲ. “ಮುಂಬೈದಾಗ ಸಿಕ್ಕರ ಸಿಗತೈತ್ರಿ. ತಡೀರಿ.”

ತಡೆಯುವುದು ನನಗೆ ಬರುತ್ತದೆ, ಬೆಂಗಳೂರಿನಿಂದ ಬಂದ ಅಳಿಯಂದಿರಿಗೆ ಬರುವುದಿಲ್ಲ. ಅವರು ನನ್ನನ್ನೂ ಕಾರನ್ನೂ ಗೋಕುಲ ರೋಡಿನ ಒಂದು ಅಂಗಡಿಗೆ ಕರೆದೊಯ್ದರು. ಅಲ್ಲಿಯ ಹುಡುಗ ಡ್ಯಾಶ್‌ಬೋರ್ಡು ಕೊಯ್ದು, ಮುತ್ತೈದೆಯರ ಕನ್ನಡಿಯಷ್ಟು ದೊಡ್ಡ ಟಚ್ ಸ್ಕ್ರೀನ್ ಕೂಡಿಸಿದ. ಕಾರ್ ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಸದಾ ಬ್ಯಾಟರಿಗೆ ಅಂಟಿಕೊಂಡಿರುತ್ತದೆ, ಗಡಿಯಾರ ಮತ್ತು ನೆನಪು ಉಳಿಯಲಿ ಎಂದು. ಕೆಂಪು ವೈರು ಚಾವಿ ತಿರುವಿದಾಗ ಮಾತ್ರ ಜೀವ ತಳೆಯುತ್ತದೆ. ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಕಂಡ ಹುಡುಗನಿಗೆ ನವೆಂಬರ್ ಒಂದು ನೆನಪಾಯಿತೋ ಏನೋ, ಏಕೀಕರಣ ಮಾಡಿ ಮೇಲೆ ಟೇಪು ಸುತ್ತಿದ್ದ. ಮರುದಿನ ಕಾರು ಮಿಸುಕಲಿಲ್ಲ. ರಾತ್ರಿಯಿಡೀ ಸ್ಕ್ರೀನು ಕತ್ತಲಲ್ಲಿ ಎಚ್ಚರವಿದ್ದು ಬ್ಯಾಟರಿಯನ್ನು ಕುಡಿದು ಮುಗಿಸಿತ್ತು.

ವೈರು ಬೇರೆಯಾದ ಮೇಲೆ ಹೊಸದರ ಗುಣಗಳು ಒಂದೊಂದಾಗಿ ತಿಳಿದವು. ಬೀಗರನ್ನು ಹಿಂದೆ ಕೂಡಿಸಿಕೊಂಡು ನವನಗರ ದಾಟುವಾಗ ಗೆಳೆಯನ ಫೋನು ಬಂತು. ಬ್ಲೂಟೂತ್ ನನ್ನನ್ನು ಕೇಳದೆಯೇ ಕರೆಯನ್ನು ನಾಲ್ಕೂ ಸ್ಪೀಕರಿಗೆ ಹಂಚಿತು: “ಏನಪಾ, ಬೀಗರು ಹೋದ್ರೋ, ಇನ್ನೂ ಅದಾರೋ?” ಬೀಗರೇ ಮುಂದೆ ಬಾಗಿ, “ಇನ್ನೂ ಅದೀವ್ರಿ” ಅಂದರು. ಅದೊಂದು ಉತ್ತರದಿಂದ ನನಗೆ ಅವರ ಮೇಲೆ ಗೌರವ ಹೆಚ್ಚಿತು.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಆದರೆ ಧಾರವಾಡ ಆಕಾಶವಾಣಿ ಎಲ್ಲಿ? 1950ರ ಜನವರಿ 8ರಂದು ಶುರುವಾದ ನಿಲಯ, ಮಧ್ಯಮ ತರಂಗ, 765 ಕಿಲೋಹರ್ಟ್ಸ್. ಹಳೆಯ ಟೇಪಿನಲ್ಲಿ ಕಡ್ಡಿ ಎಲ್ಲಿ ನಿಲ್ಲಬೇಕೆಂದು ಬೆರಳಿಗೇ ಗೊತ್ತಿತ್ತು. ಅಂಗಡಿಗೆ ಹೋಗಿ, “ತಮ್ಮಾ, ಇದರಾಗ ಎ.ಎಂ. ಕಾಣವಲ್ದಲ್ಲೋ” ಅಂದೆ.

“ನಾನೇ ತೆಗದೇನ್ರಿ ಕಾಕಾ. ಗಡಿಯಾರ ಇಪ್ಪತ್ನಾಕು ತಾಸಿಂದು ಮಾಡೇನಿ. ಎ.ಎಂ., ಪಿ.ಎಂ. ತ್ರಾಸ ಬ್ಯಾಡ.”

ವಿಷಯ ಬಿಡಿಸಿ ಹೇಳಿದ ಮೇಲೆ ಗೊತ್ತಾದದ್ದು, ಈ ಯಂತ್ರಕ್ಕೆ ಎಫ್‌ಎಂ ಮಾತ್ರ ಬರುತ್ತದೆ. ಅಳಿಯಂದಿರು ಫೋನಿನಲ್ಲೇ ಪರಿಹಾರ ಹೇಳಿದರು: ಆಕಾಶವಾಣಿಯ ಆ್ಯಪ್ ಹಾಕಿಕೊಳ್ಳಿ. ಹಾಕಿಕೊಂಡೆ. ಈಗ ಧಾರವಾಡದ ದನಿ ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲಿಗೋ ಹೋಗಿ ತಿರುಗಿ ಧಾರವಾಡದ ನನ್ನ ಅಂಗಳಕ್ಕೆ ಬರುತ್ತದೆ. ಅಡುಗೆಮನೆಯ ಟ್ರಾನ್ಸಿಸ್ಟರಿನಲ್ಲಿ ವಾರ್ತೆ ಓದುವವರು ಎರಡನೆಯ ಸುದ್ದಿಗೆ ಬಂದಾಗ ಕಾರಿನಲ್ಲಿ ಅವರಿನ್ನೂ ನಮಸ್ಕಾರ ಹೇಳುತ್ತಿರುತ್ತಾರೆ.

ಅಷ್ಟರಲ್ಲಿ ದುರ್ಗದಬೈಲಿನಿಂದ ಕರೆ: “ಬೆಲ್ಟ್ ಬಂದೈತ್ರಿ!” ಹಳೆಯ ಟೇಪನ್ನು ಎಕ್ಸ್‌ಚೇಂಜಿಗೆ ಕೊಟ್ಟಿರಲಿಲ್ಲವಾದ್ದರಿಂದ ಓಡಿದೆ. ಡ್ಯಾಶ್‌ಬೋರ್ಡಿನಲ್ಲಿ ಜಾಗ ಎಲ್ಲಿದೆ ಎಂದು ನಾನು ಪೇಚಾಡುತ್ತಿರುವಾಗಲೇ ಆತ ಎಡಗಡೆ ಸಾಮಾನಿಡುವ ತೆರೆದ ಹಲಗೆಯ ಮೇಲೆ ಅದನ್ನು ಕ್ಲ್ಯಾಂಪ್ ಹಾಕಿ ಕೂಡಿಸಿ, ಏರಿಯಲ್ ಇದಕ್ಕೆ ತಿರುಗಿಸಿದ. ಹಿಂದಿನ ಎರಡು ಸ್ಪೀಕರ್ ಹಳೆಯದಕ್ಕೆ, ಮುಂದಿನ ಎರಡು ಹೊಸದಕ್ಕೆ ಎಂದು ಅವನೇ ಪಾಲು ಮಾಡಿಕೊಟ್ಟ. ಬೆಲ್ಟು ಬಿಗಿಯಾಗಿದೆ. ಗಾಂಧಾರಿ ಬರಲಿಲ್ಲ, ಗಂಗೂಬಾಯಿಯವರೇ ಬಂದರು, ತಮ್ಮ ಅಸಲು ಶ್ರುತಿಗೆ.

ಹುಬ್ಬಳ್ಳಿಯಿಂದ ತಿರುಗಿ ಬರುವಾಗ ಮನೆಯವಳು ರಾಯಾಪುರದ ತನಕ ಏನೂ ಮಾತಾಡಲಿಲ್ಲ. ಏಪ್ರಿಲ್ ಬಿಸಿಲು. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೊನೆಗೆ ಕೇಳಿದಳು: “ಹಾಡೋ ಡಬ್ಬಿ ಎರಡಾದ್ವು. ಎ.ಸಿ. ರಿಪೇರಿ ಯಾವಾಗ ಮಾಡಸ್ತೀರಿ?”