ಅಣುವಿಗೂ ಬಾಗಿಲಿದೆ, ವಾಸ್ತು ನೋಡಿಸಿ

ಇಪ್ಪತ್ತೆರಡು ವರ್ಷಗಳಿಂದ ಬಾಗಿಲು, ಬಚ್ಚಲು, ಬೋರ್‌ವೆಲ್‌ಗಳ ದಿಕ್ಕು ನೋಡುತ್ತ ಬಂದ ನನ್ನನ್ನು ರಸಾಯನಶಾಸ್ತ್ರದವರು ಈವರೆಗೆ ಒಮ್ಮೆಯೂ ಕರೆದಿಲ್ಲ. ನಷ್ಟ ಅವರದೇ. ಅನಿಲದಲ್ಲಿ ರಾಸಾಯನಿಕ ಕ್ರಿಯೆ ನಡೆಯಲು ಅಣುಗಳು ಡಿಕ್ಕಿ ಹೊಡೆದರೆ ಸಾಲದು, ಸರಿಯಾದ ಮಗ್ಗುಲಿನಿಂದ ಹೊಡೆಯಬೇಕು ಎಂದು ತಿಳಿಯಲು ಅವರು ಯಂತ್ರಗಳನ್ನೇ ಕಟ್ಟಿದರು. ನಾನಾಗಿದ್ದರೆ ಒಂದು ನಿಂಬೆಹಣ್ಣಿನಲ್ಲಿ ಮುಗಿಸುತ್ತಿದ್ದೆ.

ನಾವು ಉಸಿರಾಡುವ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಇನ್ನೊಂದಕ್ಕೆ ಬಡಿಯುತ್ತದೆ, ಏನೂ ಆಗುವುದಿಲ್ಲ. ಬೇರೆ ಜೋಡಿಗಳಲ್ಲೂ ಕೆಲವಕ್ಕೆ ಶಕ್ತಿ ಸಾಲದು, ಶಕ್ತಿಯಿದ್ದರೆ ದಿಕ್ಕು ಕೂಡಿಬರದು. ಹೈಡ್ರೋಜನ್-ಎಥಿಲೀನ್ ಜೋಡಿಗೆ ಈ ಕೂಡಿಬರುವ ಲೆಕ್ಕ ಹತ್ತು ಲಕ್ಷಕ್ಕೆ ಹೆಚ್ಚೆಂದರೆ ಎರಡು. ಅವರು ಇದನ್ನು ಸ್ಟೆರಿಕ್ ಫ್ಯಾಕ್ಟರ್ ಎನ್ನುತ್ತಾರೆ. ನಮ್ಮಲ್ಲಿ ಗ್ರಹಚಾರ.

1966ರಲ್ಲಿ ಟೆಕ್ಸಾಸ್‌ನ ರೈಸ್ ವಿಶ್ವವಿದ್ಯಾಲಯದ ಬ್ರೂಕ್ಸ್ ಮತ್ತು ಜೋನ್ಸ್, ಮೀಥೈಲ್ ಅಯೋಡೈಡ್ ಅಣುಗಳನ್ನು ಆರು ಸರಳುಗಳ ವಿದ್ಯುತ್ ಕ್ಷೇತ್ರದಲ್ಲಿ ಹಾಯಿಸಿ, ಆರಿಸಿ, ಒಂದೇ ಕಡೆ ಮುಖಮಾಡಿ ನಿಲ್ಲಿಸಿದರು. ಎದುರಿಗೆ ಪೊಟ್ಯಾಸಿಯಂ ಪರಮಾಣುಗಳನ್ನು ಬಿಟ್ಟರು. ಅಯೋಡಿನ್ ಕಡೆಯಿಂದ ಬಂದವಕ್ಕೆ ಬಾಗಿಲು ಚೆನ್ನಾಗಿ ತೆರೆಯಿತು. ಮೀಥೈಲ್ ಕಡೆಯಿಂದ ಬಂದವಕ್ಕೆ ಅಷ್ಟಿಲ್ಲ. ಅಯೋಡಿನ್ ಎಂದರೆ ಮೂಡಣ ದಿಕ್ಕು ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ಆಮೇಲೆ ನೋಡಿದರೆ, ಮೂರು ಹೈಡ್ರೋಜನ್ ಕಿತ್ತು ಆ ಜಾಗದಲ್ಲಿ ಫ್ಲೋರಿನ್ ಕೂರಿಸಿದಾಗ ಹಿತ್ತಿಲಿನಿಂದ ಬಂದ ಪೊಟ್ಯಾಸಿಯಂಗೂ ಪ್ರವೇಶವಿದೆಯಂತೆ. ಶಾಸ್ತ್ರ ತಪ್ಪಲಿಲ್ಲ, ಹಿತ್ತಿಲ ಬಾಗಿಲಿನ ಪರಿಹಾರಕ್ಕೆ ನನ್ನಲ್ಲಿ ಪ್ರತ್ಯೇಕ ಶುಲ್ಕವಿದೆ.

ಅಣುವಿಗಾದರೆ ಹಿಂದುಮುಂದು ಉಂಟು, ಉಂಡೆಯಂಥ ಪರಮಾಣುವಿಗೆ ಎಲ್ಲಿಯ ಮುಖ ಎಂದು ಕೆಲವರು ಕೇಳುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ವಿಜ್ಞಾನಿಗಳಾದ ರೆಟ್ನರ್ ಮತ್ತು ಜ಼ೇರ್ ಅದನ್ನೂ ತೋರಿಸಿದರು. 423 ನ್ಯಾನೋಮೀಟರಿನ ಲೇಸರ್ ಬೆಳಕು ತಾಗಿದರೆ ಕ್ಯಾಲ್ಸಿಯಂನ ಹೊರಗಿನ ಒಂದು ಎಲೆಕ್ಟ್ರಾನ್ ಡಂಬೆಲ್ ಆಕಾರದ ಕಕ್ಷಕಕ್ಕೆ ಏರುತ್ತದೆ. ಬೆಳಕಿನ ಧ್ರುವೀಕರಣ ತಿರುಗಿಸಿದರೆ ಡಂಬೆಲ್ಲೂ ತಿರುಗುತ್ತದೆ. ಹೈಡ್ರೋಜನ್ ಕ್ಲೋರೈಡ್ ಕಡೆಗೆ ಅದು ಉದ್ದುದ್ದ ಬಂದರೆ ಹುಟ್ಟುವ ಕ್ಯಾಲ್ಸಿಯಂ ಕ್ಲೋರೈಡ್ ಒಂದು ಬಗೆಯಲ್ಲಿ ಹೊಳೆಯುವುದು ಹೆಚ್ಚು, ಅಡ್ಡಡ್ಡ ಬಂದರೆ ಇನ್ನೊಂದು ಬಗೆಯಲ್ಲಿ. ಮನೆ ಅದೇ, ದೀಪದ ಬಣ್ಣ ಬೇರೆ. ಮಂಚ ತಿರುಗಿಸಿ ಎಂದು ನಾನು ಹೇಳಿದಾಗ ನಗುವವರು ಇದಕ್ಕೆ ನಗುವುದಿಲ್ಲ.

ಪೊಟ್ಯಾಸಿಯಂ ಮತ್ತು ಬ್ರೋಮಿನ್ ವಿಷಯ ಎತ್ತಬೇಡಿ. ಅವುಗಳ ಸ್ಟೆರಿಕ್ ಫ್ಯಾಕ್ಟರ್ ಒಂದನ್ನೂ ದಾಟಿ ಸುಮಾರು 4.8. ಪೊಟ್ಯಾಸಿಯಂ ದೂರದಿಂದಲೇ ಎಲೆಕ್ಟ್ರಾನನ್ನು ಈಟಿಯಂತೆ ಎಸೆದು ಬ್ರೋಮಿನ್ನನ್ನು ಎಳೆದುಕೊಳ್ಳುತ್ತದೆ. ಬಾಗಿಲು ಯಾವ ಕಡೆಗಿದೆ ಎಂದು ನೋಡುವ ವ್ಯವಧಾನವೇ ಇಲ್ಲ. ಅಂಥ ಓಡಿಹೋಗಿ ಮದುವೆಯಾಗುವವರನ್ನು ನಾನು ಗಿರಾಕಿಗಳೆಂದು ಎಣಿಸುವುದಿಲ್ಲ.

ಉಳಿದ ಅಣುಗಳು ಮಂಗಳವಾರ ಬಿಟ್ಟು ಯಾವ ದಿನವಾದರೂ ಬರಬಹುದು. ನಕ್ಷೆ ಕಡ್ಡಾಯ.